ಇಸ್ತ್ರಿಯಣ್ಣನ ಮಂಡಿಯ ಭವಿಷ್ಯ

ಎಲ್ಲ ರಾದ್ಧಾಂತಕ್ಕೂ ಮೂಲ ಒಂದು ‘ಕಟಕ್’.

ಆ ದೊಡ್ಡ ಹೋಟೆಲಿನ ನೆಲಮಾಳಿಗೆಗೆ, ಅಂದರೆ ಬಟ್ಟೆ ಒಗೆದು ಇಸ್ತ್ರಿ ಹಾಕುವ ವಿಭಾಗಕ್ಕೆ, ಜನರಲ್ ಮ್ಯಾನೇಜರ್ ಸಾಹೇಬರು ಇಳಿದು ಬರುವುದೇ ಅಪರೂಪ. ಹೋದ ತಿಂಗಳು ಬಂದವರು ಮೆಷಿನ್ನುಗಳನ್ನೆಲ್ಲ ನಿಲ್ಲಿಸಲು ಹೇಳಿ, “ನಾವೆಲ್ಲ ಒಂದೇ ಕುಟುಂಬ” ಎಂದು ಭಾಷಣ ಶುರುಮಾಡಿದರು. ಕುಟುಂಬ ನಿಂತಿತ್ತು, ಸಾಹೇಬರು ಕೂತಿದ್ದರು. ಕುಟುಂಬ ಎಂಬ ಮಾತು ಎಲ್ಲರ ಎದೆಗೂ ಇಳಿಯಲಿ ಎಂದು ಅವರು ಒಂದು ಗಳಿಗೆ ಸುಮ್ಮನಾದರು. ಎಲ್ಲರಿಗಿಂತ ತಡವಾಗಿ ತನ್ನ ಸ್ಟೂಲಿನಿಂದ ಏಳುತ್ತಿದ್ದ ಇಸ್ತ್ರಿಯಣ್ಣನ ಬಲ ಮಂಡಿ ಆ ಮೌನವನ್ನೇ ಕಾದಿದ್ದಂತೆ, ಒಣ ಸೌದೆ ಮುರಿದ ಹಾಗೆ, ‘ಕಟಕ್’ ಎಂದಿತು.

ಸಾಹೇಬರು ಬೆಚ್ಚಿ ಬಾಯ್ಲರಿನ ಕಡೆ ನೋಡಿದರು. “ಆ ಮೆಷಿನ್ನಿಗೆ ಯಾರೂ ಎಣ್ಣೆ ಹಾಕಲ್ವಾ?”

“ಅದು ಮೆಷಿನ್ನಲ್ಲ ಸಾರ್, ಮನುಷ್ಯ,” ಎಂದಳು ಬಟ್ಟೆ ಮಡಿಸುವ ಮೇಜಿನ ಹಿಂದಿದ್ದ ಸಂಘದಕ್ಕ. “ಎಣ್ಣೆ ಕಾಣದೆ ಬಹಳ ಕಾಲ ಆಯ್ತು.”

ಸಂಘದಕ್ಕ ಕೆಲಸಗಾರರ ಸಂಘದ ಕಾರ್ಯದರ್ಶಿ. ವಯಸ್ಸಿನಲ್ಲಿ ಇಸ್ತ್ರಿಯಣ್ಣನಿಗಿಂತ ಚಿಕ್ಕವಳೇ, ಆದರೂ ಅವಳು ಬಾಯಿ ತೆರೆದರೆ ಎಂಥ ಹಿರಿಯನ ಬಾಯಲ್ಲೂ ‘ಅಕ್ಕ’ ತಾನಾಗಿ ಬರುತ್ತಿತ್ತು. ನೆಲಮಾಳಿಗೆಯಲ್ಲಿ ಕೆಲಸಗಾರರು ಕೂರಬಹುದಾದ ಒಂದೇ ಒಂದು ವಸ್ತುವೆಂದರೆ ಆ ಮೂರು ಕಾಲಿನ ಮರದ ಸ್ಟೂಲು. ಅದನ್ನು ಮೇಲಿನವರ ಜೊತೆ ಗುದ್ದಾಡಿ ಕೊಡಿಸಿದವಳೂ ಅವಳೇ. ಸ್ಟೂಲೂ ಇಸ್ತ್ರಿಯಣ್ಣನೂ ಸೇರಿದರೆ ನಾಲ್ಕೂವರೆ ಕಾಲು ಎಂದು ಉಳಿದವರು ಚುಡಾಯಿಸುತ್ತಿದ್ದರು. ಜೀವಮಾನವಿಡೀ ನಿಂತು ಇಸ್ತ್ರಿ ಹಾಕಿದವನು ಅವನು. ಅವನು ತೀಡಿದ ಹಾಸಿನ ಮೇಲೆ ಮಲಗಿದ ಯಾವ ಅತಿಥಿಯ ಬೆನ್ನಿಗೂ ಒಂದು ಸುಕ್ಕು ಒತ್ತಿದ್ದಿಲ್ಲ. ಆ ಸುಕ್ಕುಗಳೆಲ್ಲ ಹೋಗಿ ಅವನ ಮಂಡಿಯೊಳಗೆ ಸೇರಿಕೊಂಡಿದ್ದವು.

ಸಾಹೇಬರಿಗೆ ಭಾಷಣ ಕೆಟ್ಟ ಸಿಟ್ಟಿತ್ತೋ, ಕುಟುಂಬ ಎಂದುಬಿಟ್ಟ ಮುಜುಗರವಿತ್ತೋ, ಹೋಟೆಲಿನ ಖರ್ಚಿನಲ್ಲೇ ಮಂಡಿ ಬದಲಾಯಿಸಿಕೊಡುವ ಯೋಜನೆಯೊಂದು ಇದೆ ಎಂದು ಬಾಯಿಬಿಟ್ಟರು. ಹಾಗೆ ಇಸ್ತ್ರಿಯಣ್ಣನಿಗೆ ಆಸ್ಪತ್ರೆಯಿಂದ ಕರೆ ಬಂತು. ಕತೆ ನಡೆದದ್ದು ಅವನು ಆಸ್ಪತ್ರೆಗೆ ಹೋಗಬೇಕಿದ್ದ ದಿನ.

ಬೆಳಗ್ಗೆ ಹಲ್ಲುಜ್ಜುವುದರೊಳಗೆ ಸಂಘದಕ್ಕ ಅವನ ಮನೆಯ ಬಾಗಿಲಲ್ಲಿದ್ದಳು. ಹೆಂಡತಿಯ ತಮ್ಮ, ಬ್ರೆಡ್ ವ್ಯಾನಿನ ಡ್ರೈವರ್, ಆಗಲೇ ಬಂದು ಕುರ್ಚಿ ಹಿಡಿದಿದ್ದ. ಜಗತ್ತಿನಲ್ಲಿ ಭಾಮೈದನಿಗೆ ತಿಳಿಯದ ವಿಷಯ ಒಂದೇ: ತನಗೆ ಏನು ತಿಳಿಯದು ಎಂಬುದು.

“ಸರಿಯಾಗಿ ಕೇಳ್ಕೋ ಅಣ್ಣ,” ಎಂದಳು ಸಂಘದಕ್ಕ. “ಅಲ್ಲಿ ಎರಡು ರೂಮಿದೆ. ಒಂದನೇ ರೂಮಲ್ಲಿ ದೊಡ್ಡ ಡಾಕ್ಟ್ರು. ನಿನ್ನ ಮಂಡಿ ನಿಜವಾಗ್ಲೂ ಕೆಟ್ಟಿದೆಯೋ ಇಲ್ವೋ ನೋಡ್ತಾರೆ. ಅಲ್ಲಿ ನೀನು ಅಳಬೇಕು. ಎರಡನೇ ರೂಮಲ್ಲಿ ಒಂದು ಮೆಷಿನ್ ಇದೆ. ಆಪರೇಷನ್ ಆದ್ಮೇಲೆ ನೀನು ಎಷ್ಟು ಚೆನ್ನಾಗಿ ನಡೀತೀಯ ಅಂತ ಅದು ಈಗ್ಲೇ ಭವಿಷ್ಯ ಹೇಳುತ್ತೆ. ಅಲ್ಲಿ ನಗ್ತಾ ನಡೀಬೇಕು.”

“ಇರೋದು ಒಂದೇ ಮಂಡಿ ಅಕ್ಕ.”

“ಮಂಡಿ ಒಂದೇ. ಕೇಳೋರು ಇಬ್ರು.” ಅವಳು ಸೆರಗು ಬಿಗಿದಳು. “ಇದಕ್ಕೇ ಮುಂಚೆ ಹೋಗಿದ್ದ ನಮ್ಮ ಬಾಯ್ಲರ್ ಮಾಮ ಏನ್ಮಾಡ್ದ? ಎರಡೂ ಕಡೆ ಶೌರ್ಯ ತೋರಿಸ್ದ. ‘ನಿಂಗೇನೂ ಆಗಿಲ್ಲ, ಹೋಗು’ ಅಂದ್ರು. ಟವೆಲ್ ಚಿಕ್ಕಮ್ಮ ಎರಡೂ ಕಡೆ ಅತ್ಲು. ‘ಇದು ರಿಪೇರಿ ಆದ್ರೂ ಓಡೋ ಗಾಡಿ ಅಲ್ಲ’ ಅಂತ ವಾಪಸ್ ಕಳಿಸಿದ್ರು. ನಾವು ಹಾಳಾಗಿದೀವಿ ಅಂತಾನೂ ನಾವೇ ತೋರಿಸ್ಬೇಕು, ಹಾಳಾದ್ರೂ ದುಡಿಯೋಕೆ ಲಾಯಕ್ಕು ಅಂತಾನೂ ನಾವೇ ತೋರಿಸ್ಬೇಕು.”

“ಅಂದ್ರೆ ಹಾವೂ ಸಾಯ್ಬಾರ್ದು, ಕೋಲೂ ಮುರೀಬಾರ್ದು,” ಎಂದ ಭಾಮೈದ.

“ಇಲ್ಲಿ ಹಾವೂ ಇವರೇ, ಕೋಲೂ ಇವರೇ,” ಎಂದಳು ಹೆಂಡತಿ.

ನಡೆಯುವುದು ಆಮೇಲೆ, ಮೊದಲು ನರಳುವ ಅಭ್ಯಾಸ ಆಗಲಿ ಎಂದು ತೀರ್ಮಾನವಾಯಿತು. ಅದೇ ಕಷ್ಟಕ್ಕೆ ಬಂತು. ಇಸ್ತ್ರಿಯಣ್ಣನ ಮಂಡಿ ಸದ್ದು ಮಾಡುತ್ತಿತ್ತೇ ಹೊರತು ಅವನು ಸದ್ದು ಮಾಡಿದವನಲ್ಲ. ಕಾದ ಇಸ್ತ್ರಿಪೆಟ್ಟಿಗೆ ಕೈಗೆ ತಾಗಿದಾಗಲೂ ಊದಿಕೊಂಡು ಸುಮ್ಮನಿದ್ದ ಪ್ರಾಣಿ. ಎಲ್ಲರೂ ಒತ್ತಾಯಿಸಿದ ಮೇಲೆ “ಅಮ್ಮಾ” ಎಂದ. ಅಡುಗೆಮನೆಯಲ್ಲಿರುವ ತಾಯಿಯನ್ನು ಇನ್ನೊಂದು ಲೋಟ ಟೀ ಕೇಳಿದ ಹಾಗಿತ್ತು.

“ಇದಕ್ಕೆ ಡಾಕ್ಟ್ರು ಬಿಸ್ಕತ್ತು ಕೊಡ್ತಾರೆ ಅಷ್ಟೇ,” ಎಂದ ಭಾಮೈದ.

ಸದ್ದು ಕೇಳಿ ಮೇಲಿನ ಮನೆಯ ರಿಟೈರಾದ ಮೇಷ್ಟ್ರು ಇಳಿದು ಬಂದರು. ತಪ್ಪು ಕಂಡಲ್ಲಿ ತಿದ್ದದೆ ಹೋದರೆ ಅವರಿಗೆ ಅನ್ನ ಸೇರುತ್ತಿರಲಿಲ್ಲ. “ನೋವು ಗಂಟಲಿಂದ ಬರಬಾರದಪ್ಪ, ಹೊಟ್ಟೆಯಿಂದ ಬರಬೇಕು,” ಎಂದರು.

“ನೋವಿರೋದು ಮಂಡೀಲಿ ಮೇಷ್ಟ್ರೇ.”

“ಹುಟ್ಟೋದು ಮಂಡೀಲೇ ಹುಟ್ಟಲಿ. ಹೊರಗೆ ಬರೋದು ಹೊಟ್ಟೆಯಿಂದ ಬರಲಿ. ಹೀಗೆ.” ಮೇಷ್ಟ್ರು ಕಣ್ಣು ಮುಚ್ಚಿ, ಗೋಡೆ ಹಿಡಿದು, ಒಂದು ಸಲ ನರಳಿದರು. ಪಕ್ಕದ ಮನೆಯಾಕೆ ಬಾಗಿಲು ತಟ್ಟಿ, ಯಾರು ಹೋದರು, ಯಾವಾಗ ಎತ್ತುತ್ತಾರೆ ಎಂದು ಕೇಳಿದಳು.

ಅವಳನ್ನು ಸಮಾಧಾನ ಮಾಡಿ ಕಳಿಸುವ ಹೊತ್ತಿಗೆ ಇಸ್ತ್ರಿಯಣ್ಣನಿಗೆ ವಿದ್ಯೆ ಹತ್ತಿತ್ತು.

ಬ್ರೆಡ್ಡಿನ ಟ್ರೇಗಳ ನಡುವೆ ಅವನನ್ನು ಕೂರಿಸಿಕೊಂಡು ವ್ಯಾನು ಹೊರಟಿತು. ಹೆಂಡತಿ ಪಕ್ಕದಲ್ಲಿ ಕೂತು, ಬಿಸಿ ಬ್ರೆಡ್ಡಿನ ಟ್ರೇಯೊಂದನ್ನು ಅವನ ಮಂಡಿಗೆ ಆನಿಸಿ ಶಾಖ ಕೊಟ್ಟಳು. ಅವನು ಅವಳ ಮುಖ ನೋಡಿದ. ಈಗೀಗ ಸಂಜೆ ಮಾರ್ಕೆಟ್ಟಿಗೆ ಹೋಗುವಾಗ ಅವಳು ಬೇಕೆಂದೇ ಮುಂದೆ ಹೋಗುವಳು. ಪ್ರತಿ ದೀಪದ ಕಂಬದ ಹತ್ತಿರ ನಿಂತು ಅಂಗಡಿಯ ಗಾಜಿನೊಳಗೆ ಏನೋ ನೋಡುವವಳಂತೆ ನಟಿಸುವಳು, ಅವನು ಬಂದು ಮುಟ್ಟುವವರೆಗೆ. ಒಮ್ಮೆ ಅವಳು ಮೈಮರೆತು ನೋಡುತ್ತಿದ್ದುದು ಕಬ್ಬಿಣದ ಮೊಳೆಯ ಅಂಗಡಿಯನ್ನು. ಹೊಸ ಮಂಡಿ ಬಂದರೆ ಒಂದು ಸಂಜೆ ಇವಳ ಪಕ್ಕದಲ್ಲೇ, ಹೆಜ್ಜೆಗೆ ಹೆಜ್ಜೆ ಹಾಕಿ ನಡೆಯಬೇಕು ಎಂಬುದೊಂದೇ ಅವನ ಆಸೆ. ಅದನ್ನು ಅವನು ಯಾರಿಗೂ ಹೇಳಿರಲಿಲ್ಲ, ಹೇಳುವ ವಯಸ್ಸೂ ಅಲ್ಲ.

ಆಸ್ಪತ್ರೆಯ ಓಣಿಯಂಥ ಹಜಾರದಲ್ಲಿ ಬಣ್ಣದ ವಾಸನೆ ಗಮ್ಮೆನ್ನುತ್ತಿತ್ತು. ಏಣಿಯ ಮೇಲೆ ನಿಂತು ಪೇಂಟರ್ ಒಬ್ಬ ಗೋಡೆ ಬಳಿಯುತ್ತಿದ್ದ. ಒಂದು ಎಂದು ಬರೆದ ಬಾಗಿಲಿಂದ ಕರೆ ಬಂತು.

“ಅಳೋ ರೂಮು,” ಎಂದು ಸಂಘದಕ್ಕ ಕಿವಿಯಲ್ಲಿ ಹೇಳಿ ಬೆನ್ನು ತಟ್ಟಿದಳು.

ಒಳಗೆ ಹುಡುಗಿಯಂಥ ಡಾಕ್ಟರಮ್ಮ ಒಬ್ಬಳು ಕಂಪ್ಯೂಟರಿನ ಮುಂದೆ ಕೂತಿದ್ದಳು. ದೊಡ್ಡ ಡಾಕ್ಟ್ರು ಎಂದರೆ ಇಷ್ಟು ಚಿಕ್ಕವರಾ ಎಂದು ಇಸ್ತ್ರಿಯಣ್ಣನಿಗೆ ಒಂದು ಚಣ ಅನಿಸಿತು. ಕಾಲ ಬದಲಾಗಿದೆ ಎಂದು ತಾನೇ ಸಮಾಧಾನ ಹೇಳಿಕೊಂಡ. ಕುರ್ಚಿಯಿಂದ ಎದ್ದು, ಆ ಗೆರೆಯವರೆಗೆ ನಡೆದು, ವಾಪಸು ಬಂದು ಕೂರಿ ಎಂದಳು. ಅವನು ಎದ್ದ. ಮೇಷ್ಟ್ರ ಪಾಠವನ್ನು ಹೊಟ್ಟೆಯ ತಳದಿಂದ ಎತ್ತಿದ. ಒಂದು ಹೆಜ್ಜೆಗೆ ಒಂದು ನರಳು, ತಿರುವಿಗೆ ಎರಡು, ಕೂರುವಾಗ ಒಂದು ಉದ್ದದ್ದು. ಕ್ಯಾಮೆರಾ ಹೊತ್ತ ಸ್ಟ್ಯಾಂಡನ್ನು ತಬ್ಬಿಕೊಂಡು ಅತ್ತದ್ದು ಅವನ ಸ್ವಂತ ಸೇರ್ಪಡೆ.

ಡಾಕ್ಟರಮ್ಮ ಪರದೆ ನೋಡಿ ಮುಖ ಸಣ್ಣ ಮಾಡಿದಳು. “ತುಂಬ ಕಷ್ಟ ಇದೆ ಅಂತ ಹೇಳ್ತಿದೆ,” ಎಂದಳು.

ಹೊರಗೆ ಬಂದವನು ಮೂವರಿಗೂ ಹೆಬ್ಬೆರಳು ತೋರಿಸಿದ. ಅಷ್ಟರಲ್ಲಿ ಎರಡನೆಯ ಬಾಗಿಲಿಂದ ಕರೆ.

ಅಲ್ಲಿ ಕನ್ನಡಕದ ವಯಸ್ಸಾದ ಡಾಕ್ಟ್ರು ಕೂತಿದ್ದರು. ಮೆಷಿನ್ನು ಎಲ್ಲಿದೆ ಎಂದು ಹುಡುಕುವ ಗೋಜಿಗೆ ಅವನು ಹೋಗಲಿಲ್ಲ, ಮೇಜಿನ ಕೆಳಗೆಲ್ಲೋ ಇರುತ್ತದೆ. ಬಾಗಿಲಿಂದಲೇ ನಗು ಹೊತ್ತು, ಎದೆ ಉಬ್ಬಿಸಿ, ಪರೇಡಿಗೆ ಹೊರಟ ಸಿಪಾಯಿಯಂತೆ ಕೋಣೆಯನ್ನು ಎರಡು ಸುತ್ತು ಹಾಕಿದ. ಪ್ರತಿ ಹೆಜ್ಜೆಗೂ ಮಂಡಿಯೊಳಗೆ ಯಾರೋ ಕಾದ ಇಸ್ತ್ರಿಪೆಟ್ಟಿಗೆ ಇಟ್ಟು ಎಳೆದಂತಾಗುತ್ತಿತ್ತು. ಅವನು ಇನ್ನಷ್ಟು ನಕ್ಕ. ಕೊನೆಗೆ ಬೇಡವೆಂದರೂ ಕೇಳದೆ ಒಂದು ಸಲ ಕೂತು ಎದ್ದ.

“ಬಹಳ ಸಂತೋಷ,” ಎಂದರು ಡಾಕ್ಟ್ರು. “ನನಗಿಂತ ಚೆನ್ನಾಗಿ ನಡೀತೀರಿ. ಈ ಮಂಡಿ ಯಾಕೆ ಕೊಯ್ಯಿಸಿಕೊಳ್ತೀರಿ? ಮನೆಗೆ ಹೋಗಿ.”

ಹಜಾರಕ್ಕೆ ಬಂದು ಇಸ್ತ್ರಿಯಣ್ಣ ವರದಿ ಒಪ್ಪಿಸಿದ. ನಗೋ ರೂಮಿನಲ್ಲಿ ಮನೆಗೆ ಹೋಗು ಎಂದರೆ ಏನರ್ಥ ಎಂದು ನಾಲ್ವರೂ ತಲೆ ಕೆರೆದುಕೊಂಡರು. ಅರ್ಥ ಏಣಿಯ ಮೇಲಿಂದ ಬಂತು.

“ಮೊನ್ನೆ ಆ ಎರಡನೇ ರೂಮಿಗೆ ಬಣ್ಣ ಹೊಡೆದೆ ನೋಡಿ,” ಎಂದ ಪೇಂಟರ್, ಬ್ರಶ್ಶು ಅದ್ದುತ್ತ. “ಮೆಷಿನ್ನು ಅಲ್ಲಿತ್ತು. ಎತ್ತಿ ಒಂದಕ್ಕೆ ಹಾಕಿದ್ರು. ಬಣ್ಣ ಒಣಗಿದ್ಮೇಲೆ ಒಂದರ ಡಾಕ್ಟ್ರನ್ನ ಎತ್ತಿ ಎರಡಕ್ಕೆ ಹಾಕಿದ್ರು. ಬೋರ್ಡ್ ಬದಲಾಯಿಸೋದು ನನ್ನ ಕೆಲಸ ಅಲ್ಲ.”

ಹೆಂಡತಿ ಬೆಂಚಿನ ಮೇಲೆ ಕುಸಿದಳು. ಇಸ್ತ್ರಿಯಣ್ಣನೂ ಕೂರಲು ಹೋದ, ಮಂಡಿ ಮಡಚಲಿಲ್ಲ. ಪ್ಯಾಂಟು ಮೇಲಕ್ಕೆಳೆದು ನೋಡಿದರೆ ಅದು ಭಾಮೈದನ ವ್ಯಾನಿನ ಬನ್ನಿನಂತೆ ಉಬ್ಬಿ ಕೂತಿತ್ತು.

“ಭಾವ, ಅಳೋ ಕಡೆ ನಕ್ಕು ನಗೋ ಕಡೆ ಅತ್ತಿದೀರಿ,” ಎಂದ ಭಾಮೈದ, ಯಾರಿಗೂ ಇನ್ನೂ ತಿಳಿದಿಲ್ಲವೇನೋ ಎಂಬಂತೆ.

ಸಂಘದಕ್ಕ ಇಸ್ತ್ರಿಯಣ್ಣನ ತೋಳು ಹಿಡಿದು ನೇರ ಡಾಕ್ಟ್ರ ಬಳಿ ನುಗ್ಗಿದಳು. ಮನೆಗೆ ಹೋಗಿ ಎಂದೆನಲ್ಲ ಎಂದರು ಅವರು. ಮಂಡಿ ನೋಡಿ ಸಾರ್ ಎಂದಳು ಇವಳು. ಅವರು ಬೇಸರದಿಂದಲೇ ಎರಡು ಬೆರಳು ಇಟ್ಟು ಒತ್ತಿದರು. ಆಗ ಬಂದ ಕೂಗು ಹೊಟ್ಟೆಯಿಂದಲೂ ಬಂದದ್ದಲ್ಲ, ಗಂಟಲಿಂದಲೂ ಬಂದದ್ದಲ್ಲ. ಜೀವಮಾನವಿಡೀ ನುಂಗಿದ್ದೆಲ್ಲ ಒಟ್ಟಿಗೆ ಬಂತು. ಹೊರಗೆ ಪೇಂಟರನ ಡಬ್ಬ ಬಿದ್ದ ಸದ್ದಾಯಿತು.

“ಈಗ ತಾನೆ ಕುಣೀತಿದ್ರಲ್ಲ,” ಎಂದರು ಡಾಕ್ಟ್ರು, ಕನ್ನಡಕ ಸರಿಮಾಡಿಕೊಂಡು.

“ಕುಣಿಸಿದ್ದು ಯಾರು ಸಾರ್?” ಎಂದಳು ಸಂಘದಕ್ಕ. “ಒಂದು ರೂಮಲ್ಲಿ ಅಳ್ದಿದ್ರೆ ನಂಬಲ್ಲ. ಇನ್ನೊಂದ್ರಲ್ಲಿ ನಗ್ದಿದ್ರೆ ಕೊಡಲ್ಲ. ನಿಮ್ಮ ಬೋರ್ಡು ಬದಲಾಯಿಸೋಕೆ ಆಳಿಲ್ಲ, ನಮ್ಮ ಮುಖ ಮಾತ್ರ ಬಾಗಿಲಿಂದ ಬಾಗಿಲಿಗೆ ಬದಲಾಯಿಸ್ತಾನೇ ಇರ್ಬೇಕು. ನೀವು ನೋಡೋದು ಮಂಡೀನೋ ನಾಟಕಾನೋ?”

ಡಾಕ್ಟ್ರು ಕೆಟ್ಟವರಲ್ಲ. ಎಕ್ಸ್‌ರೇ ತೆಗೆಸಿ ಬೆಳಕಿಗೆ ಹಿಡಿದು ನೋಡಿದರು. “ಎಲುಬಿಗೆ ಎಲುಬು ತೇಯ್ತಿದೆ. ಇದನ್ನ ಇಟ್ಕೊಂಡು ಪರೇಡ್ ಹೇಗೆ ಮಾಡಿದ್ರಿ?”

“ನಗಬೇಕು ಅಂದಿದ್ರು ಸಾರ್,” ಎಂದ ಇಸ್ತ್ರಿಯಣ್ಣ.

ಅವರು ಒಪ್ಪಿಗೆ ಬರೆದರು. ಮಂಡಿ ಕೆಟ್ಟಿದೆ ಎಂಬುದು ಹೀಗೆ ಸಾಬೀತಾಯಿತು. ಉಳಿದದ್ದು ಅದರ ಭವಿಷ್ಯ. ಬೆಳಗಿನ ಭವಿಷ್ಯ ಮಸಿಯಂತಿದ್ದುದರಿಂದ ಇನ್ನೊಮ್ಮೆ ನಡೆಸಿ ನೋಡಲಿ ಎಂದು ಅವರೇ ಡಾಕ್ಟರಮ್ಮನಿಗೆ ಹೇಳಿ ಕಳಿಸಿದರು. ಪುಣ್ಯಕ್ಕೆ ಆಕೆ ಊಟಕ್ಕೆ ಎದ್ದಿರಲಿಲ್ಲ. ಈ ಸಲ ಹೆಂಡತಿ, ಭಾಮೈದ, ಸಂಘದಕ್ಕ ಮೂವರೂ ಒಳಗೆ ಬಂದು ಗೋಡೆಗೆ ಒರಗಿ ನಿಂತರು.

ಇಸ್ತ್ರಿಯಣ್ಣ ಗೆರೆಯನ್ನು ನೋಡಿದ. ಬೆಳಗ್ಗೆ ಹತ್ತಿರವಿದ್ದ ಗೆರೆ ಈಗ ಪಕ್ಕದ ಬೀದಿಗೆ ಹೋಗಿ ಕೂತಂತಿತ್ತು. ಎದ್ದ. ಮಂಡಿ ಬೇಡವೆಂದಿತು. ಎದುರಿಗೆ ಗೋಡೆಯ ಬಳಿ ಹೆಂಡತಿ, ಮೊಳೆಯ ಅಂಗಡಿ ನೋಡುವವಳಂತೆ, ಖಾಲಿ ಗೋಡೆಯನ್ನು ತದೇಕಚಿತ್ತದಿಂದ ನೋಡುತ್ತಿದ್ದಳು. ಅವನು ಹಲ್ಲು ಕಚ್ಚಿದ, ಕಚ್ಚಿದ ಹಲ್ಲಲ್ಲೇ ನಕ್ಕ, ಹೊರಟ. ಹೋದ, ತಿರುಗಿದ, ಬಂದ, ಕೂತ. ಬೆವರು ಮೂಗಿನ ತುದಿಯಿಂದ ತೊಟ್ಟಿಕ್ಕಿತು.

ಡಾಕ್ಟರಮ್ಮ ಪರದೆಗೆ ಮುಖ ಹತ್ತಿರ ತಂದಳು. ಒಂದು ಗುಂಡಿ ಒತ್ತಿದಳು. ಮತ್ತೆ ಒತ್ತಿದಳು.

“ಏನಾಯ್ತಮ್ಮ?” ಎಂದಳು ಹೆಂಡತಿ.

“ಈ ಮೆಷಿನ್ ಬೆಳಗಿನ ನಡಿಗೆ ಜೊತೆ ಈಗಿನದ್ದನ್ನ ಹೋಲಿಸ್ತಾ ಇದೆ. ಬೆಳಗ್ಗೆ ಹೆಜ್ಜೆ ಕಿತ್ತಿಡೋಕೂ ಆಗ್ತಿರ್ಲಿಲ್ಲ. ಮಧ್ಯಾಹ್ನಕ್ಕೆ ಹೀಗೆ. ಆಪರೇಷನ್ ಇಲ್ದೇನೇ ಅರ್ಧ ದಿನಕ್ಕೆ ಇಷ್ಟು ಸುಧಾರಿಸಿದ್ರೆ, ಆಪರೇಷನ್ ಆದ್ಮೇಲೆ ಎಲ್ಲಿಗೆ ಹೋಗಿ ಮುಟ್ತಾರೆ ಅಂತ ಅದಕ್ಕೇ ತಿಳೀತಿಲ್ಲ.” ಪರದೆಯ ಮೇಲೆ ಹಸಿರು ಗೆರೆಯೊಂದು ಏಣಿ ಹತ್ತಿದ ಹಾಗೆ ಹತ್ತಿ, ಮೇಲಿನ ಅಂಚು ದಾಟಿ, ಕಾಣದಂತೆ ಹೋಗಿತ್ತು. “ಇನ್ನು ಪ್ರಶ್ನೆಗಳು ಅಷ್ಟೇ. ಮನೇಲಿ ನೋಡ್ಕೊಳ್ಳೋರು ಇದಾರಾ?”

“ಇದೀವಿ,” ಎಂದರು ಮೂವರೂ.

“ಮಂಡಿ ಸರಿಹೋದ್ಮೇಲೆ ಮೊದಲು ಏನ್ ಮಾಡ್ಬೇಕು ಅಂತಿದೀರ?”

ಇಸ್ತ್ರಿಯಣ್ಣ ನೆಲ ನೋಡಿದ. ಕಿವಿ ಕೆಂಪಗಾಯಿತು. “ಇವಳ ಪಕ್ಕದಲ್ಲಿ ನಡೀಬೇಕು. ಸಂಜೆ ಹೊತ್ತು. ಸುಮ್ನೆ.”

ಹೆಂಡತಿ ಗೋಡೆಯಿಂದ ಕಣ್ಣು ತೆಗೆದು ಅವನನ್ನು ನೋಡಿದಳು. ಡಾಕ್ಟರಮ್ಮನೂ ಒಂದು ಗಳಿಗೆ ಕೈ ನಿಲ್ಲಿಸಿದಳು. ಆಮೇಲೆ ಪರದೆಯನ್ನು ಮೇಲೆ ಕೆಳಗೆ ಸರಿಸಿ ಹುಡುಕಿ, “ಅದಕ್ಕೆ ಇಲ್ಲಿ ಜಾಗ ಇಲ್ಲ,” ಎಂದಳು. “ಇರೋದು ಮೂರೇ. ಕುರ್ಚಿಯಿಂದ ಏಳೋದು, ಮೆಟ್ಟಿಲು ಹತ್ತೋದು, ಭಾರ ಹೊರೋದು.”

“ಮೂರೂ ಹಾಕ್ಕೊಳ್ಳಿ ಮೇಡಂ,” ಎಂದ ಭಾಮೈದ. “ಭಾವ, ಸಂಕೋಚ ಯಾಕೆ? ಹೇಳಿ.”

“ಮೆಟ್ಟಿಲು ಹತ್ತೀನಿ,” ಎಂದ ಇಸ್ತ್ರಿಯಣ್ಣ ಸಣ್ಣ ದನಿಯಲ್ಲಿ. ಹಸಿರು ಗೆರೆ ಮಿಣುಕಿತು.

“ಎಷ್ಟು ಮಹಡಿ?”

“ಹೋಟೆಲಿನ ಅಷ್ಟೂ ಮಹಡಿ ಮೇಡಂ,” ಎಂದ ಭಾಮೈದ. ಗೆರೆ ಮತ್ತೆ ಮಿಣುಕಿತು. ಅದು ಮಿಣುಕಿದಷ್ಟೂ ಇಸ್ತ್ರಿಯಣ್ಣನಿಗೆ ಎಂದೂ ಇಲ್ಲದ ಹುಮ್ಮಸ್ಸು ಏರಿತು. ಈ ಜನ್ಮದಲ್ಲಿ ಯಾರೂ ಅವನನ್ನು ನೀನು ಮುಂದೆ ಏನಾಗುತ್ತೀಯ ಎಂದು ಕೇಳಿದವರಿರಲಿಲ್ಲ. “ಬರಿಗೈಲಿ ಅಲ್ಲ, ಹಾಸಿನ ಗಂಟು ಹೆಗಲ ಮೇಲೆ ಹೊತ್ಕೊಂಡು ಹತ್ತೀನಿ. ಲಿಫ್ಟೇ ಬೇಡ. ಕೂರೋದೂ ಬೇಡ ನಂಗೆ,” ಎಂದ.

ಸಂಘದಕ್ಕನಿಗೆ ಎಲ್ಲೋ ಏನೋ ಚುಚ್ಚಿದಂತಾಯಿತು. “ಸಾಕು ಅಣ್ಣ,” ಎಂದಳು. ತಡವಾಗಿತ್ತು. ಡಾಕ್ಟರಮ್ಮ ಒಂದು ಗುಂಡಿ ಒತ್ತಿ, “ಅತ್ಯುತ್ತಮ,” ಎಂದಳು. “ಇಂಥ ಭವಿಷ್ಯ ಇದುವರೆಗೆ ಯಾರಿಗೂ ಬಂದಿಲ್ಲ. ನಿಮ್ಮ ಹೋಟೆಲಿಗೂ ಈಗ್ಲೇ ಕಳಿಸಿದೀನಿ.”

ವಾಪಸು ಬರುವಾಗ ವ್ಯಾನಿನಲ್ಲಿ ಹಬ್ಬದ ಗದ್ದಲ. ಭಾಮೈದ ಮಾರಬೇಕಾದ ಬನ್ನುಗಳಲ್ಲಿ ನಾಲ್ಕನ್ನು ಹಂಚಿದ. ಹೆಂಡತಿ ತನ್ನ ಬನ್ನಿನ ಅರ್ಧವನ್ನು ಮುರಿದು ಗಂಡನ ಕೈಗಿಟ್ಟಳು. ರಜೆ ಅರ್ಧ ದಿನದ್ದೇ ಆದ್ದರಿಂದ ಹೋಟೆಲಿನ ಹಿಂಬಾಗಿಲಲ್ಲಿ ವ್ಯಾನು ನಿಂತಿತು. “ಸಂಜೆ ಇಲ್ಲೇ ಕಂಬದ ಹತ್ರ ಇರ್ತೀನಿ,” ಎಂದಳು ಅವಳು.

ಸಂಘದಕ್ಕನ ಹೆಗಲು ಹಿಡಿದು ಅವನು ನೆಲಮಾಳಿಗೆಗೆ ಇಳಿದ. ಇಳಿಯುತ್ತಲೇ ಅವನ ಕಣ್ಣು ಅಭ್ಯಾಸಬಲದಿಂದ ಸ್ಟೂಲನ್ನು ಹುಡುಕಿತು. ಇಸ್ತ್ರಿಯ ಮೇಜಿತ್ತು, ಇಸ್ತ್ರಿಪೆಟ್ಟಿಗೆಯಿತ್ತು. ಸ್ಟೂಲಿದ್ದ ಕಡೆ ನೆಲದ ಮೇಲೆ ಮೂರು ಗುಂಡು ಗುರುತು ಮಾತ್ರ ಇದ್ದವು.

ಸೂಪರ್‌ವೈಸರು ತನ್ನ ಗಾಜಿನ ಗೂಡಿನಿಂದ ಓಡಿ ಬಂದು ಅವನ ಎರಡೂ ಕೈ ಹಿಡಿದುಕೊಂಡ. “ನೋಡಿದೆ ಇಸ್ತ್ರಿಯಣ್ಣ, ನಿಮ್ಮ ಭವಿಷ್ಯ ನೋಡಿದೆ. ನನಗಂತೂ ಕಣ್ಣಲ್ಲಿ ನೀರು ಬಂತು. ಸಾಹೇಬರು ಮೂರು ಸಲ ಓದಿದರು.”

“ನಿಮ್ಮ ದಯೆ ಸಾರ್. ಆಪರೇಷನ್ ಯಾವಾಗ?”

“ಅದಕ್ಕೆ ಸರದಿ ಇದೆಯಲ್ಲ. ಉದ್ದ ಸರದಿ. ಬರೋ ವರ್ಷ ಆಗ್ಬಹುದು, ಅದರಾಚೆ ವರ್ಷಾನೂ ಆಗ್ಬಹುದು.” ಸೂಪರ್‌ವೈಸರು ದನಿಗೆ ಬೆಣ್ಣೆ ಹಚ್ಚಿದ. “ಆದ್ರೆ ಭವಿಷ್ಯಕ್ಕೆ ಸರದಿ ಇಲ್ಲ ನೋಡಿ. ಅದು ಇವತ್ತೇ ಬಂದಿದೆ. ಇಷ್ಟು ಒಳ್ಳೇದನ್ನ ಸುಮ್ನೆ ಯಾಕೆ ಇಟ್ಕೊಂಡಿರೋದು ಅಂತ ಸಾಹೇಬರು ಇವತ್ತಿಂದಾನೇ ಜಾರಿ ಮಾಡಿದಾರೆ.”

“ಏನನ್ನ ಜಾರಿ ಮಾಡಿದಾರೆ?” ಎಂದಳು ಸಂಘದಕ್ಕ.

“ಮಹಡಿಗಳಿಗೆ ಹಾಸು ತಲುಪಿಸೋ ಕೆಲಸ ಇವರಿಗೇ. ಮೆಟ್ಟಿಲಲ್ಲೇ. ಲಿಫ್ಟ್ ಬೇಡ, ಕೂರೋದೂ ಬೇಡ ಅಂತ ಇವರೇ ಬಾಯಾರೆ ಹೇಳಿದಾರಂತಲ್ಲ.”

ನೆಲಮಾಳಿಗೆಯಲ್ಲಿ ಒಂದೊಂದೇ ಮೆಷಿನ್ನು ನಿಂತಿತು. ಬಾಯ್ಲರ್ ಮಾಮ ಬಂದ, ಟವೆಲ್ ಚಿಕ್ಕಮ್ಮ ಬಂದಳು.

“ಕೂಸು ಹುಟ್ಟೋಕೆ ಮುಂಚೆ ಕುಲಾವಿ ಹೊಲಿಸೋರನ್ನ ಕಂಡಿದೀನಿ,” ಎಂದಳು ಸಂಘದಕ್ಕ ನಿಧಾನವಾಗಿ. “ಹುಟ್ಟೋಕೆ ಮುಂಚೆ ಕೂಸನ್ನ ಕೂಲಿಗೆ ಹಚ್ಚೋರನ್ನ ಇವತ್ತೇ ಕಂಡಿದ್ದು. ನಾಳೆ ಬೆಳಗ್ಗೆ ಗೇಟಿನ ಮುಂದೆ ಎಲ್ಲರೂ ಕೂರೋಣ.”

“ಕೂರೋದಾದ್ರೆ ಇವತ್ತೇ ಶುರು ಮಾಡೋಣ ಅಕ್ಕ,” ಎಂದ ಇಸ್ತ್ರಿಯಣ್ಣ. “ನಂಗೆ ನಿಲ್ಲೋಕಾಗ್ತಿಲ್ಲ. ನನ್ನ ಸ್ಟೂಲೆಲ್ಲಿ?”

ಸೂಪರ್‌ವೈಸರು ಅಭಿಮಾನದಿಂದ ಗಾಜಿನ ಗೂಡಿನ ಕಡೆ ಕೈ ತೋರಿಸಿದ. ಆಸ್ಪತ್ರೆಯ ಭವಿಷ್ಯಗಳನ್ನು ಅಚ್ಚು ಹಾಕಲೆಂದೇ ತರಿಸಿದ ಹೊಸ ಪ್ರಿಂಟರು, ಮಟ್ಟಸವಾಗಿ, ಹಾಯಾಗಿ, ಸ್ಟೂಲಿನ ಮೇಲೆ ಕೂತಿತ್ತು.

ಇಸ್ತ್ರಿಯಣ್ಣ ಅದನ್ನು ನೋಡಿದ. ಕಾಲಿನ ಬಳಿ ಕಟ್ಟಿಟ್ಟಿದ್ದ ಹಾಸಿನ ಗಂಟನ್ನು ನೋಡಿದ. ಕೂರಲು ಬೇರೇನೂ ಕಾಣದೆ ಅವನು ಆ ಗಂಟಿನ ಮೇಲೇ ಕೂತುಬಿಡೋಣವೆಂದು ಮೆಲ್ಲಗೆ ಬಾಗಿದ. ಮೆಷಿನ್ನುಗಳೆಲ್ಲ ನಿಂತಿದ್ದ ಆ ಮೌನದಲ್ಲಿ ‘ಕಟಕ್’ ಎಂದಿತು.

ಸೂಪರ್‌ವೈಸರು ಗಾಬರಿಯಿಂದ ಗೂಡಿನ ಕಡೆ ತಿರುಗಿದ.

“ಹೊಸ ಪ್ರಿಂಟರು, ಆಗ್ಲೇ ಸದ್ದು ಮಾಡ್ತಿದೆ,” ಎಂದ. “ಯಾರಾದ್ರೂ ಬೇಗ ಸ್ವಲ್ಪ ಎಣ್ಣೆ ಹಾಕ್ರಪ್ಪ.”